ಸೀಸ ಕುಡಿದ ಬಟ್ಟಲು

ಪರದೆಯ ಮೇಲಿನ ಚಿತ್ರ ಆರಿತು. ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿತು.
ರಾಬರ್ಟ್‌ಸನ್‌ಪೇಟೆಯ ಈ ಹಾಲಿನಲ್ಲಿ ನಾವು ಮೂವತ್ತೊಂದು ಜನ,
ಅರ್ಧ ಕೆಮ್ಮುವವರು.
ಪ್ರಶ್ನೆ ಇದ್ದರೆ ಕೇಳಿ ಅಂದಿರಿ.
ನನ್ನದು ಪ್ರಶ್ನೆ ಹೌದೋ ಅಲ್ಲವೋ ಗೊತ್ತಿಲ್ಲ, ಮೇಡಂ.
ಹೆಸರು ಆರೋಗ್ಯಸ್ವಾಮಿ. ಗಣಿಯ ಅಸ್ಸೇ ಆಫೀಸಿನಲ್ಲಿ ಇಪ್ಪತ್ತಾರು ವರ್ಷ.

ನೀವು ಹೇಳಿದ್ದು ತಿಳಿಯಿತು. ನಗಬೇಡಿ, ನಿಜವಾಗಿ ತಿಳಿಯಿತು.
ಉರಿದು ಮುಗಿದ ಕಡ್ಡಿಯನ್ನು ತುಂಡರಿಸಿ ಬುಟ್ಟಿಗೆ ತುಂಬುತ್ತೀರಿ,
ಬುಟ್ಟಿಯನ್ನು ಉಪ್ಪಿನಲ್ಲಿ ಇಳಿಬಿಡುತ್ತೀರಿ.
ಅಡುಗೆಮನೆಯ ಉಪ್ಪಲ್ಲ, ಅದರ ದಾಯಾದಿ,
ಐನೂರು ಡಿಗ್ರಿಯಲ್ಲಿ ಕರಗಿ ನೀರಿನ ಹಾಗೆ ತಿಳಿಯಾದದ್ದು.
ನೀರಿನ ಹಾಗೆ, ಆದರೆ ನೀರು ಒಂದು ಹನಿಯೂ ಸೋಕಬಾರದು.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ,
ನಿಮ್ಮ ಉಪ್ಪಿಗೆ ಆ ಮಾತು ಸಲ್ಲದು.
ಕರೆಂಟು ಹರಿಸಿದರೆ
ಯುರೇನಿಯಂ ಬುಟ್ಟಿ ಬಿಟ್ಟು, ಉಪ್ಪನ್ನು ಈಜಿ,
ಎದುರು ದಡದ ಉಕ್ಕಿನ ಸಲಾಕೆಗೆ ಹತ್ತಿ ಕೂರುತ್ತದೆ
ಬಳ್ಳಾರಿ ಜಾಲಿಯ ಹಾಗೆ ಮೈಯೆಲ್ಲ ಮುಳ್ಳು ಬಿಟ್ಟು.

ಕಸ ಅಂದುಕೊಂಡದ್ದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಇನ್ನೂ ಬಾಳುವಂಥದ್ದು
ಅಂದಾಗ, ಹಿಂದಿನ ಸಾಲಿನ ಮಾರಿಯಪ್ಪನ್ ನನ್ನ ಬೆನ್ನು ತಿವಿದ.
ಈ ಊರಿಗೆ ಆ ಮಾತು ಹೊಸದಲ್ಲ.
ಕಿಟಕಿಯಾಚೆ ನೋಡಿ, ಆ ಬೂದುಗುಡ್ಡ
ದೇವರು ಮಾಡಿದ್ದಲ್ಲ, ನಾವು ಅರೆದು ಸಯನೈಡ್ ಕುಡಿಸಿ ಕಕ್ಕಿಸಿದ್ದು.
ಅದರಲ್ಲೂ ಟನ್ನಿಗೆ ಇಷ್ಟು ಚಿನ್ನ ಉಳಿದಿದೆಯೆಂದು
ಚುನಾವಣೆಗೊಬ್ಬರು ಬಂದು ತೂಗಿ ಹೋಗುತ್ತಾರೆ.
ಆಷಾಢದ ಗಾಳಿಗೆ ಅದು ನಮ್ಮ ಸಾರಿನೊಳಗೆ ಇಳಿಯುತ್ತದೆ.
ಚಿನ್ನವಿದೆ ಅಂತ ಯಾರೂ ಗುಡಿಸುವುದಿಲ್ಲ.

ನನ್ನ ಕೆಲಸ ಹೇಳುತ್ತೇನೆ, ಎರಡೇ ನಿಮಿಷ.
ಅದಿರಿನ ಪುಡಿಯ ಜೊತೆ ಸೀಸ ಕರಗಿಸಿದರೆ
ಚಿನ್ನ ಸೀಸದ ಕೈ ಹಿಡಿದು ಹೊರಗೆ ಬರುತ್ತದೆ.
ಆ ಗುಂಡನ್ನು ಮೂಳೆಬೂದಿಯ ಪುಟ್ಟ ಬಟ್ಟಲಿನಲ್ಲಿಟ್ಟು ಕುಲುಮೆಗೆ ತಳ್ಳಿದರೆ
ಬಟ್ಟಲು ಸೀಸವನ್ನು ಕುಡಿಯುತ್ತದೆ.
ಕುಡಿದು ಕುಡಿದು, ತಳದಲ್ಲಿ
ಸಾಸಿವೆಗಿಂತ ಸಣ್ಣದೊಂದು ಕಣ್ಣು ಥಟ್ಟನೆ ಮಿಂಚುತ್ತದೆ.
ಆ ಮಿಂಚಿಗೆ ಉಸಿರು ಹಿಡಿದು ನಿಲ್ಲುತ್ತಿದ್ದೆ,
ಒಂದು ದಿನವೂ ಬೇಸರವಾಗಲಿಲ್ಲ.
ಸಲಾಕೆಯ ಮುಳ್ಳು ತೋರಿಸುವಾಗ
ನಿಮ್ಮ ಮುಖದಲ್ಲೂ ಅದನ್ನೇ ಕಂಡೆ. ಅದಕ್ಕೇ ಎದ್ದು ನಿಂತೆ.

ಮಿಂಚನ್ನು ಚಿಮಟದಲ್ಲಿ ಎತ್ತಿ, ತೂಗಿ, ಪುಸ್ತಕದಲ್ಲಿ ಬರೆಯುತ್ತಿದ್ದೆವು.
ಬಟ್ಟಲನ್ನು?
ಬಟ್ಟಲಿಗೆ ಪುಸ್ತಕದಲ್ಲಿ ಅಂಕಣವಿರಲಿಲ್ಲ.
ಆಫೀಸಿನ ಹಿಂದಿನ ಹಳ್ಳಕ್ಕೆ ಎಸೆದೆವು, ದಿನಕ್ಕೆ ನೂರಿನ್ನೂರು.
ನೋಡಲು ಥೇಟ್ ಆಟದ ಮಡಕೆ.
ನನಗೆ ಕೆಲಸ ಸಿಕ್ಕ ವರ್ಷ ತಂಗಿ ಸಗಾಯಮೇರಿಗೆ ಆರು.
ಲೈನು ಮನೆಗಳ ಮಕ್ಕಳ ಜೊತೆ ಮಡಿಲು ತುಂಬ ತಂದು
ಮಣ್ಣಿನ ಅನ್ನ, ಹುಣಸೆ ಚಿಗುರಿನ ಪಲ್ಯ,
ಅಣ್ಣಾ ಊಟಕ್ಕೆ ಬಾ ಎಂದು ಬಡಿಸಿದಳು.
ನಾನು ತಿಂದ ಹಾಗೆ ನಟಿಸಿದೆ.
ಅವಳು ನಟಿಸಲಿಲ್ಲ, ಬೆರಳು ನೆಕ್ಕಿದಳು.

ಅವಳ ಕಥೆ ಇಲ್ಲಿ ಬೇಡ.

ಯುರೇನಿಯಂ ಸಲಾಕೆಗೆ, ಪ್ಲುಟೋನಿಯಂ ತನ್ನ ಒಡಹುಟ್ಟಿದವರ ಜೊತೆ
ಕರಗಿದ ಕ್ಯಾಡ್ಮಿಯಂ ಬೋಗುಣಿಗೆ,
ಹಠಮಾರಿ ಲೋಹಗಳು ಬುಟ್ಟಿಯಲ್ಲೇ.
ಸೀಸಿಯಂ, ಸ್ಟ್ರಾನ್ಷಿಯಂ ಉಪ್ಪಿನಲ್ಲಿ ಉಳಿಯುತ್ತವೆ ಅಂದಿರಿ.
ಅಲ್ಲಿ ಚಿತ್ರ ಸ್ವಲ್ಪ ಬೇಗ ದಾಟಿಸಿದಿರಿ.
ಆ ಉಪ್ಪನ್ನು ಗಾಜಿನೊಳಗೆ ಬಂಧಿಸುತ್ತೀರಂತೆ, ಮುನ್ನೂರು ವರ್ಷ ಕಾದರೆ ಸಾಕಂತೆ.
ಲಕ್ಷಕ್ಕಿಂತ ಮುನ್ನೂರು ಚಿಕ್ಕದು, ಒಪ್ಪಿದೆ.
ಇಲ್ಲಿ ಗಣಿ ನಡೆದದ್ದು ನೂರಿಪ್ಪತ್ತು.
ಅಷ್ಟರಲ್ಲೇ ಬಟ್ಟಲುಗಳ ಹಳ್ಳ ಎಲ್ಲಿತ್ತೆಂದು
ಮಾರಿಯಪ್ಪನ್ ಒಂದು ಕಡೆ ತೋರಿಸುತ್ತಾನೆ, ನಾನು ಇನ್ನೊಂದು ಕಡೆ.

ಒಂದು ಮಾತ್ರ ನನ್ನ ಟ್ರಂಕಿನಲ್ಲಿ ಉಳಿದಿತ್ತು.
ಬಟ್ಟೆ ಸುತ್ತಿ ತಂದಿದ್ದೇನೆ, ತಗೊಳ್ಳಿ, ಕೈಯಲ್ಲಿ ಹಿಡಿದು ನೋಡಿ.
ಇಷ್ಟು ಚಿಕ್ಕದು ಇಷ್ಟು ಭಾರ ಇರಬಾರದು, ಅಲ್ಲವಾ?
ನಿಮ್ಮ ಪುಸ್ತಕದಲ್ಲಿ ಉಪ್ಪಿಗೊಂದು ಅಂಕಣ ಹಾಕಿರುತ್ತೀರಿ, ನಂಬುತ್ತೇನೆ.
ಅದನ್ನು ಓದಲು ಬರುವವರು ಯಾವ ಭಾಷೆ ಆಡುತ್ತಾರೋ.

ಅಷ್ಟೇ. ಹೊರಗೆ ಟೀ ಬಂದಿದೆ.
ಕುಡಿಯುವ ಮುಂಚೆ, ಮೇಡಂ,
ಕೈ ತೊಳೆದುಕೊಳ್ಳಿ.